ಕ್ಲಿನಿಕ್‌ನಲ್ಲಿ ಕಿರುಕುಳ: ರಾಜೀನಾಮೆ ಬರೆಯೋ ಮುಂಚೆ

ಆಸ್ಟ್ರೇಲಿಯಾಕ್ಕೆ ಬಂದು ವರ್ಷವೂ ಆಗಿಲ್ಲ. ಜಿಪಿ (ಸಾಮಾನ್ಯ ವೈದ್ಯರ) ಕ್ಲಿನಿಕ್‌ನಲ್ಲಿ ನರ್ಸ್ ಕೆಲಸ. ಪ್ರಾಕ್ಟೀಸ್ ಮ್ಯಾನೇಜರ್ ರೋಗಿಗಳ ಎದುರಿಗೇ ನಿಮ್ಮ ಉಚ್ಚಾರಣೆ ಆಡಿಕೊಳ್ಳುತ್ತಾರೆ, ಶನಿವಾರದ ಪಾಳಿ ಯಾವಾಗಲೂ ನಿಮಗೇ. ನಿಮ್ಮದು 482 ವೀಸಾ, ಅಂದರೆ ಕೆಲಸ ಕೊಡುವವರು ಸ್ಪಾನ್ಸರ್ ಮಾಡುವ ತಾತ್ಕಾಲಿಕ ಕೆಲಸದ ವೀಸಾ; ಅದನ್ನು ಸ್ಪಾನ್ಸರ್ ಮಾಡಿರುವುದೂ ಅದೇ ಕ್ಲಿನಿಕ್. ಸುಮ್ನಿರಲೋ, ಬಿಟ್ಟು ಹೋಗಲೋ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ.

ಯಾಕೆ ಅಂದರೆ, ಇಲ್ಲಿ ಕಿರುಕುಳ ನಿಲ್ಲಿಸಿ ಎಂದು ಆದೇಶ ಕೊಡುವ ಅಧಿಕಾರ, ಕೆಲಸದ ತಕರಾರು ವಿಚಾರಿಸುವ ರಾಷ್ಟ್ರೀಯ ಸಂಸ್ಥೆ ಫೇರ್ ವರ್ಕ್ ಕಮಿಷನ್‌ಗೆ 2014ರಿಂದ ಇದೆ. ಆದರೆ ಕಿರುಕುಳ ಮುಂದುವರಿಯುವ ಅಪಾಯ ಇದ್ದರೆ ಮಾತ್ರ ಆದೇಶ. ಕೆಲಸ ಬಿಟ್ಟವರಿಗೆ ಆ ಅಪಾಯವೇ ಇರುವುದಿಲ್ಲ, ಅಲ್ವಾ? ಸಿಟ್ಟಿನಲ್ಲಿ ರಾಜೀನಾಮೆ ಬಿಸಾಕಿದರೆ ಆ ಬಾಗಿಲು ಮುಚ್ಚಿದ ಹಾಗೆ. ಅಲ್ಲಿ ಪರಿಹಾರದ ಹಣವೂ ಸಿಗುವುದಿಲ್ಲ, ನಿಲ್ಲಿಸುವುದಷ್ಟೇ ಅವರ ಕೆಲಸ.

ಎಲ್ಲ ಗದರಿಕೆಯೂ ಕಿರುಕುಳವಲ್ಲ. ಲಸಿಕೆ ಫ್ರಿಡ್ಜ್ 2ರಿಂದ 8 ಡಿಗ್ರಿಯೊಳಗೆ ಇದೆಯೇ ಎಂದು ದಿನಕ್ಕೆ ಎರಡು ಸಲ ನೋಡಿ ಬರೆಯಬೇಕು. ಅದು ತಪ್ಪಿದಾಗ ಮ್ಯಾನೇಜರ್ ಕರೆದು ಕೇಳಿದರೆ ಅದು ಅವರ ಕರ್ತವ್ಯ. ಅದೇ ಮಾತನ್ನು ಕಾಯುವ ಕೋಣೆಯಲ್ಲಿ, ಎಲ್ಲರಿಗೂ ಕೇಳುವ ಹಾಗೆ, ಮತ್ತೆ ಮತ್ತೆ ಹೇಳಿ ನಗುವುದು ಬೇರೆ. ಪದೇ ಪದೇ ನಡೆಯಬೇಕು, ಸರಿಯಲ್ಲದ ನಡತೆಯಾಗಿರಬೇಕು, ಆರೋಗ್ಯಕ್ಕೆ ಅಪಾಯ ತರುವಂತಿರಬೇಕು. ಕಾನೂನು ನೋಡುವುದು ಈ ಮೂರನ್ನೇ.

ಹಾಗಾಗಿ ಇವತ್ತಿನಿಂದಲೇ ಬರೆದಿಡಿ. ತಾರೀಖು, ಹೊತ್ತು, ಅವರು ಆಡಿದ ಮಾತು ಇದ್ದ ಹಾಗೇ, ಪಕ್ಕದಲ್ಲಿ ಯಾರಿದ್ದರು. ಕ್ಲಿನಿಕ್ ಕಂಪ್ಯೂಟರ್‌ನಲ್ಲಿ ಬೇಡ. ರೋಗಿಗಳ ಹೆಸರಂತೂ ಎಲ್ಲಿಯೂ ಬರಬಾರದು, ಆಮೇಲೆ ನಿಮ್ಮ ಮೇಲೇ ಗೋಪ್ಯತೆಯ ದೂರು ಬಂದೀತು. ಗುಟ್ಟಾಗಿ ರೆಕಾರ್ಡ್ ಮಾಡುವ ಆಸೆ ಬೇಡ, ಆ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಆಮೇಲೆ ಮಾಲೀಕ ಡಾಕ್ಟರಿಗೆ ಚಿಕ್ಕ ಇಮೇಲ್: ಹೀಗಾಗಿದೆ, ನಿಲ್ಲಬೇಕು. ಬೈಗುಳ ಬೇಡ, ಕಣ್ಣೀರೂ ಬೇಡ. ಚಿಕ್ಕ ಕ್ಲಿನಿಕ್‌ಗಳಲ್ಲಿ ಎಚ್‌ಆರ್ ಅಂತ ಯಾರೂ ಇರುವುದಿಲ್ಲ. ಮ್ಯಾನೇಜರ್ ಮಾಲೀಕರ ಮನೆಯವರೇ ಆಗಿರುವುದೂ ಉಂಟು. ಆದರೂ ಕಳಿಸಿ. ನಮಗೆ ಗೊತ್ತೇ ಇರಲಿಲ್ಲ ಎಂದು ಮುಂದೆ ಹೇಳಲಾಗದು.

ಮುಂದೆ ಎಲ್ಲಿಗೆ ದೂರು ಕೊಡಬೇಕು ಎಂಬುದು ಕ್ಲಿನಿಕ್ ಯಾರ ಹೆಸರಲ್ಲಿದೆ ಎಂಬುದರ ಮೇಲಿದೆ. ಪೇಸ್ಲಿಪ್‌ನಲ್ಲಿರುವ ಎಬಿಎನ್ (ವ್ಯಾಪಾರದ ನೋಂದಣಿ) ಸಂಖ್ಯೆಯನ್ನು ಎಬಿಎನ್ ಲುಕಪ್ ಎಂಬ ಸರ್ಕಾರಿ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ. ಕಂಪನಿಯಾಗಿದ್ದರೆ ಕಮಿಷನ್ ದಾರಿ ಇದೆ. ಪಾಲುದಾರಿಕೆಯೋ ಒಬ್ಬರೇ ಡಾಕ್ಟರ ಹೆಸರಲ್ಲೋ ಇದ್ದರೆ ಸಾಮಾನ್ಯವಾಗಿ ಇಲ್ಲ. ಆಗ ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ನಿಮ್ಮ ರಾಜ್ಯದ ಸಂಸ್ಥೆಗೆ (ಸೇಫ್‌ವರ್ಕ್ ಅಥವಾ ವರ್ಕ್‌ಸೇಫ್) ಹೋಗಬೇಕು. ಉಚ್ಚಾರಣೆ, ಬಣ್ಣದ ಮಾತು ಬಂದರೆ ಮಾನವ ಹಕ್ಕುಗಳ ಆಯೋಗಕ್ಕೂ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ಲೈಂಗಿಕ ಕಿರುಕುಳದ ನಿಯಮ ಇನ್ನೂ ಗಟ್ಟಿ. ಒಂದೇ ಸಲ ನಡೆದರೂ ಸಾಕು, ಮಾಡಿದವರು ರೋಗಿಯೇ ಆಗಿದ್ದರೂ ಲೆಕ್ಕಕ್ಕೆ ಬರುತ್ತದೆ.

ನರ್ಸ್‌ಗಳ ಯೂನಿಯನ್‌ಗೆ ತಡಮಾಡದೆ ಸೇರಿ. ನಿಮ್ಮೊಬ್ಬರದೇ ಕಥೆ ಅಂದುಕೊಳ್ಳಬೇಡಿ. 2015ರಲ್ಲಿ ಇಲ್ಲಿನ ಸರ್ಜನ್‌ಗಳ ವೃತ್ತಿ ಸಂಸ್ಥೆಯಾದ ಸರ್ಜನ್‌ಗಳ ಕಾಲೇಜು ತನ್ನವರನ್ನೇ ಕೇಳಿದಾಗ ಉತ್ತರಿಸಿದವರಲ್ಲಿ 49% ಮಂದಿ ತಾರತಮ್ಯವೋ ಕಿರುಕುಳವೋ ಲೈಂಗಿಕ ಕಿರುಕುಳವೋ ಅನುಭವಿಸಿದ್ದೇವೆ ಎಂದಿದ್ದರು. ಸರ್ಜನ್‌ಗಳ ಪಾಡೇ ಹೀಗೆ! ನರ್ಸ್, ಡಾಕ್ಟರ್‌ಗಳ ನೋಂದಣಿ ನೋಡಿಕೊಳ್ಳುವ ಸಂಸ್ಥೆ ಆಪ್ರಾಗೆ ನಿಮ್ಮ ಮೇಲೆ ದೂರು ಬರೆಯುತ್ತೇವೆ ಅಂತ ಕ್ಲಿನಿಕ್‌ನವರು ಹೆದರಿಸಿದರೆ ಅದನ್ನೂ ಡೈರಿಗೆ ಸೇರಿಸಿ. ದೂರು ಹೋದ ಮಾತ್ರಕ್ಕೆ ನೋಂದಣಿ ಹೋಗುವುದಿಲ್ಲ.

ಇನ್ನು ವೀಸಾ. ನಿಮ್ಮ ಭಯವೆಲ್ಲ ಇದರದೇ ಅಂತ ಕಾಣುತ್ತದೆ. ವೀಸಾ ತೋರಿಸಿ ಹೆದರಿಸಿ ದುಡಿಸುವುದು 2024ರ ಜುಲೈ 1ರಿಂದ ಅಪರಾಧ. ಅದೇ ದಿನದಿಂದ, ಸ್ಪಾನ್ಸರ್ ಬಳಿ ಕೆಲಸ ನಿಂತರೆ ಹೊಸ ಸ್ಪಾನ್ಸರ್ ಹುಡುಕಲು ಒಂದು ಸಲಕ್ಕೆ 180 ದಿನ ಸಿಗುತ್ತದೆ, ವೀಸಾ ಅವಧಿಯಲ್ಲಿ ಒಟ್ಟು 365. ಮೊದಲು 60 ದಿನ ಇತ್ತು. ಆದರೂ ಬೇರೆ ಕ್ಲಿನಿಕ್ ಹುಡುಕುವುದನ್ನು ಈಗಲೇ, ದೂರಿನ ಜೊತೆಗೇ ಶುರು ಮಾಡಿ. ಹೊಸ ನಾಮಿನೇಷನ್ (ಹೊಸ ಕ್ಲಿನಿಕ್ ನಿಮ್ಮ ಹೆಸರು ಸೂಚಿಸಿ ಹಾಕುವ ಅರ್ಜಿ) ಮಂಜೂರಾದ ಮೇಲೆ ರಾಜೀನಾಮೆ ಕೊಟ್ಟರೆ ಆ 180 ದಿನವನ್ನು ಮುಟ್ಟುವ ಗೋಜೇ ಇರುವುದಿಲ್ಲ.