ಬೇಸಿಗೆ ಬೆಳೆ ಮುಗಿದ ಮೇಲೆ ಹೂಕೋಸು ಬಿತ್ತಿ, ಹೊದಿಕೆ ಹಾಕಿದರೆ ಸಾಕಾ?

ಟೊಮೆಟೊ ಗಿಡ ಕಿತ್ತಾಯಿತು, ಶರತ್ಕಾಲ ಶುರುವಾಯಿತು, ಖಾಲಿ ಮಡಿಗೆ ಹೂಕೋಸು, ಕ್ಯಾರೆಟ್ ಬಿತ್ತಿದರೆ ಚಳಿಗೆ ಯಾವ ಹೊದಿಕೆ ಒಳ್ಳೆಯದು ಅಂತ ಕೇಳಿದ್ದೀರಿ. ನಾನೂ ಇದನ್ನೇ ಮಾಡಿದ್ದೆ. ಹೊದಿಕೆಯನ್ನೂ ತಂದಿದ್ದೆ, ಇರುವುದರಲ್ಲೇ ದಪ್ಪನೆಯದು.

ಹೂಕೋಸಿನ ಪೊಟ್ಟಣದ ಮೇಲೆ 70 ದಿನ ಎಂದಿತ್ತು. ಇಬ್ಬನಿ ಹೆಪ್ಪುಗಟ್ಟೋಕೆ ಇನ್ನೂ ಅಷ್ಟು ದಿನ ಇದೆ ಅಲ್ವಾ ಎಂದುಕೊಂಡು ಬೀಜ ಹಾಕಿದೆ. ನನ್ನ ಇಡೀ ಬೆಳೆ ಹೋಗಿದ್ದು ಆ ಲೆಕ್ಕದಲ್ಲಿ. ಹೂಕೋಸು, ಎಲೆಕೋಸು, ಬ್ರೊಕೋಲಿ ಪೊಟ್ಟಣಗಳಲ್ಲಿ ಬರೆಯುವ ದಿನಗಳನ್ನು ಸಾಮಾನ್ಯವಾಗಿ ಸಸಿ ನಾಟಿ ಮಾಡಿದ ದಿನದಿಂದ ಎಣಿಸಬೇಕು, ಬೀಜ ಬಿತ್ತಿದ ದಿನದಿಂದಲ್ಲ. ಬೀಜ ನಾಟಿಗೆ ಬರುವ ಸಸಿಯಾಗೋಕೇ 4ರಿಂದ 6 ವಾರ ಬೇಕು. ಅದೂ ಸಾಲದು. ಆ 70 ದಿನ ಬಿಸಿಲು ಚೆನ್ನಾಗಿರುವ ಕಾಲದ್ದು. ಶರತ್ಕಾಲದಲ್ಲಿ ಹಗಲು ದಿನದಿಂದ ದಿನಕ್ಕೆ ಕುಗ್ಗುತ್ತದೆ, ಗಿಡ ನಿಧಾನವಾಗುತ್ತದೆ. ಅದಕ್ಕೆ ಇನ್ನೊಂದು 14 ದಿನ ಸೇರಿಸಿ. 70, ಸಸಿಗೆ ಸರಾಸರಿ ಐದು ವಾರ ಅಂದರೆ 35, ಮೇಲೆ 14, ಕೂಡಿಸಿ ನೋಡಿ: 119. ಹತ್ತಿರ ಹತ್ತಿರ ನಾಲ್ಕು ತಿಂಗಳು! ಅಂದರೆ ಶರತ್ಕಾಲದ ಹೂಕೋಸನ್ನು ಬಿತ್ತಬೇಕಾದ್ದು ನಡು ಬೇಸಿಗೆಯಲ್ಲಿ, ಟೊಮೆಟೊ ಇನ್ನೂ ಕಾಯಿ ಬಿಡುತ್ತಿರುವಾಗ.

ಗಿಡಗಳೇನೂ ಸಾಯಲಿಲ್ಲ. ಅದಕ್ಕೇ ನನಗೆ ತಪ್ಪು ಗೊತ್ತಾಗಲಿಲ್ಲ. ಹಸಿರಾಗಿಯೇ ಇದ್ದವು, ಎಲೆ ಅಂಗೈಯಗಲ, ಹೂವಿನ ಸುಳಿವೇ ಇಲ್ಲ. ಚಳಿ ಕಾರಣ ಅಂದುಕೊಂಡು ಹೊದಿಕೆ ಹಗಲಲ್ಲೂ ತೆಗೆಯಲಿಲ್ಲ, ಇದ್ದ ಚೂರು ಬೆಳಕೂ ಹೋಯಿತು. ಆಮೇಲೆ ಗೊಬ್ಬರ ಸಾಲದು ಅಂತ ಸಾರಜನಕ ಜಾಸ್ತಿ ಕೊಟ್ಟೆ. ಎಳೆ ಎಲೆ ಮೆತ್ತಗೆ ಚಿಗುರಿತು, ಚಳಿಗೆ ಅವೇ ಮೊದಲು ಸುಟ್ಟುಹೋದವು.

ಹಾಗಾಗಿ ಹೊದಿಕೆ ವಿಷಯ ಸದ್ಯ ಬಿಡಿ. ತೆಳು ಬಟ್ಟೆಯ ಹೊದಿಕೆ ಒಂದೆರಡು ಡಿಗ್ರಿ ಕಾಪಾಡುತ್ತದೆ ಅಷ್ಟೆ, ಬೆಳಕನ್ನು ತಂದುಕೊಡುವುದಿಲ್ಲ. ಹಗಲು 10 ಗಂಟೆಗಿಂತ ಕಡಿಮೆಯಾದರೆ ಹೆಚ್ಚಿನ ತರಕಾರಿ ಬೆಳೆಯುವುದನ್ನು ನಿಲ್ಲಿಸಿದ ಹಾಗೇ. ಅಷ್ಟರೊಳಗೆ ಬೆಳೆದು ನಿಂತ ಗಿಡಕ್ಕೆ ಚಳಿ ಶತ್ರುವೂ ಅಲ್ಲ. ಕ್ಯಾರೆಟ್, ಕೇಲ್ ಸೊಪ್ಪು ಚಳಿಗೆ ತಮ್ಮ ಪಿಷ್ಟವನ್ನು ಸಕ್ಕರೆ ಮಾಡಿಕೊಳ್ಳುತ್ತವೆ, ರುಚಿ ಹೆಚ್ಚುತ್ತದೆ.

ಈಗ ಏನು ಹಾಕಬಹುದು? ಮೂಲಂಗಿ ಹಾಕಿ. ಹದ ಇದ್ದರೆ 25-30 ದಿನ, ಈಗ ಸ್ವಲ್ಪ ಜಾಸ್ತಿ ಹಿಡಿಯಬಹುದು. ಪಾಲಕ್ ಹಾಕಿ, ಸಣ್ಣ ಎಲೆಯಲ್ಲೇ ಕೊಯ್ಯಿರಿ. ಉಳಿದ ಜಾಗಕ್ಕೆಲ್ಲ ಬೆಳ್ಳುಳ್ಳಿ. ನೆಲ ಹೆಪ್ಪುಗಟ್ಟುವುದಕ್ಕೆ ಕೆಲವು ವಾರ ಮುಂಚೆ, ದಪ್ಪ ಎಸಳನ್ನು ಚೂಪು ತುದಿ ಮೇಲಾಗಿ ಊರಿ. ಚಳಿ ಸಾಲದಿದ್ದರೆ ಗಡ್ಡೆಯಲ್ಲಿ ಎಸಳು ಸರಿಯಾಗಿ ಬಿಡುವುದಿಲ್ಲ. ನೀವು ಹೆದರುತ್ತಿರುವ ಚಳಿ ಅದಕ್ಕೆ ಬೇಕೇ ಬೇಕು.

ಹೂಕೋಸು ಬೇಕೇ ಬೇಕು ಅಂದರೆ ತಯಾರಾದ ಸಸಿ ತಂದು ನೆಡಿ, ಅದೂ ದಿನ ಎಣಿಸಿ ಸಾಕಾದರೆ ಮಾತ್ರ. ಸುಮ್ನೆ ಆಸೆಗೆ ಬೇಡ. ಮುಂದಿನ ವರ್ಷ ನಡು ಬೇಸಿಗೆಯಲ್ಲಿ ನೆರಳಿರುವ ಕಡೆ ಸಸಿಮಡಿ ಮಾಡಿಕೊಳ್ಳಿ, ಬಿಸಿಲಿಗೆ ಮಣ್ಣು ಬೇಗ ಒಣಗುತ್ತದೆ. ಕ್ಯಾರೆಟ್ ಬೀಜ ಮೊಳೆಯೋಕೆ ಎರಡು ಮೂರು ವಾರವೂ ಹಿಡಿಯುತ್ತದೆ, ಅಲ್ಲಿಯವರೆಗೆ ಮಡಿ ಮೇಲೆ ಒದ್ದೆ ಗೋಣಿಚೀಲ ಹಾಸಿಡಿ. ಮೊಳಕೆ ಕಂಡ ದಿನವೇ ತೆಗೆಯಿರಿ.