ನಂಬಿಕೆ ಸಾಲದ್ದಕ್ಕೇ ಅಮ್ಮನಿಗೆ ವಾಸಿಯಾಗಲಿಲ್ಲವೇ?

ಸಿಸ್ಟರ್, ಅಮ್ಮನ ಕಾಯಿಲೆಗಾಗಿ ತಿಂಗಳುಗಟ್ಟಲೆ ಪ್ರಾರ್ಥಿಸಿದರೂ ವಾಸಿಯಾಗಿಲ್ಲ, 'ನಿನ್ನ ನಂಬಿಕೆ ಸಾಲದು' ಎಂದು ಚರ್ಚ್ ಸಭೆಯವರು ಹೇಳಿದ್ದು ನಿಜವೇ ಎಂದು ಕೇಳಿದ್ದೀರಿ. ನಿಜವಲ್ಲ. ಆ ಮಾತನ್ನು ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಯೇಸುವನ್ನು ಶಿಲುಬೆಗೇರಿಸುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ನಡೆದದ್ದನ್ನು ನೋಡಿ. ಈ ಪಾತ್ರೆ, ಅಂದರೆ ಮುಂದಿರುವ ಸಂಕಟ, ನನ್ನಿಂದ ದೂರವಾಗಲಿ ಎಂದು ಯೇಸು ಬೇಡಿಕೊಂಡರು. ಒಂದು ಸಲ ಬೇಡಿ ಬಿಡಲಿಲ್ಲ, ಮತ್ತೆ ಮತ್ತೆ ಹೋಗಿ ಅದನ್ನೇ ಬೇಡಿದರು. ಪಾತ್ರೆ ದೂರವಾಗಲಿಲ್ಲ. ಅವರಿಗೆ ನಂಬಿಕೆ ಕಮ್ಮಿಯಿತ್ತು ಅಂತ ಯಾರೂ ಹೇಳುವುದಿಲ್ಲ, ಅಲ್ವಾ? 'ನಿನ್ನ ಚಿತ್ತದಂತೆ ಆಗಲಿ' ಎನ್ನುವ ಮೊದಲು ತಮಗೆ ಬೇಕಾದದ್ದನ್ನು ಅವರು ಬಾಯಿಬಿಟ್ಟು ಕೇಳಿದರು. ನಾವು ಆ ಕೇಳುವುದನ್ನು ನುಂಗಿಕೊಂಡು, ಸುಮ್ನೆ ಎರಡನೆಯ ಮಾತನ್ನಷ್ಟೇ ಹೇಳಿಬಿಡುತ್ತೇವೆ. ಅದು ಶರಣಾಗತಿಯಲ್ಲ, ದೇವರ ಮುಂದೆ ಮನಸ್ಸು ಮುಚ್ಚಿಕೊಂಡ ಹಾಗೆ.

ಯೇಸುವಿನ ಅಪೊಸ್ತಲ ಪೌಲನೂ ಮೂರು ಸಲ ಬೇಡಿದ, ಅವನ 'ಶರೀರದ ಮುಳ್ಳು', ಅಂದರೆ ಅವನನ್ನು ಕಾಡುತ್ತಿದ್ದ ಬಾಧೆ, ಹೋಗಲಿಲ್ಲ. 'ನನ್ನ ಕೃಪೆಯೇ ನಿನಗೆ ಸಾಕು' ಎಂಬ ಉತ್ತರ ಮಾತ್ರ ಬಂತು.

ಇನ್ನು, ಬೈಬಲಿನಲ್ಲಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಸ್ನೇಹಿತರು. ಏಳು ದಿನ ಅವನ ಜೊತೆ ಮಾತಿಲ್ಲದೆ ನೆಲದ ಮೇಲೆ ಕೂತರು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಆಮೇಲೆ ನಿನ್ನ ಪಾಪವೇ ಕಾರಣ ಎಂದು ವಾದಿಸಿದರು. ಕೊನೆಗೆ ದೇವರ ಸಿಟ್ಟು ತಿರುಗಿದ್ದು ಅವರ ಮೇಲೆ, ಅಷ್ಟೊಂದು ದೂರಿದ ಯೋಬನ ಮೇಲಲ್ಲ.

ಅಳು ಬಂದಾಗ ಬೈಬಲಿನ 13ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಅದರಲ್ಲಿರುವಂತೆ 'ಎಷ್ಟರವರೆಗೆ' ಎಂದು ದೇವರನ್ನು ಕೇಳುವುದೂ ಪ್ರಾರ್ಥನೆಯೇ. ಔಷಧಿ ಮಾತ್ರ ನಿಲ್ಲಿಸಬೇಡಿ. ಸಭೆಯವರು ಮತ್ತೆ ಬಂದರೆ, 'ಅಮ್ಮನ ಹತ್ತಿರ ಒಂದು ಗಂಟೆ ಕೂತಿರಿ, ನಾನು ಸ್ವಲ್ಪ ಮಲಗುತ್ತೇನೆ' ಎಂದು ಕೇಳಿ.