ಮುಂಬೈಯಲ್ಲಿದ್ದು ಕನ್ನಡದಲ್ಲಿ ಮಕ್ಕಳ ಕಥೆ ಬರೆದು, ಚಿತ್ರ ಬಿಡಿಸಿ, ರೇಡಿಯೋದಲ್ಲೂ ಮಾತಾಡಿ ಬದುಕಬಹುದೇ?

ಬದುಕಬಹುದು. ಆದರೆ ಮೂರರಲ್ಲಿ ಒಂದನ್ನೇ ನಂಬಿ ಮನೆ ನಡೆಸುವುದು ಕಷ್ಟ. ನನ್ನ ಪ್ರಕಾರ ಚಿತ್ರದ ಕೆಲಸಕ್ಕೆ ಅವಕಾಶ ಜಾಸ್ತಿ. ಮುಂಬೈಯ ಮಾಟುಂಗಾದಲ್ಲಿ ಕೂತು ಬಿಡಿಸಿದ್ದು ಮರಾಠಿ, ಹಿಂದಿ ಪುಸ್ತಕಕ್ಕೂ ಹೋಗುತ್ತದೆ.

ಕೈ ಪಳಗಿಸಲು ಸ್ಟೋರಿವೀವರ್ ನೋಡಿ. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ ಈ ತಾಣದಲ್ಲಿ ಕನ್ನಡ ಕಥೆಗಳೂ ಇವೆ, ನೀವೂ ಬರೆದು ಹಾಕಬಹುದು. ಅಲ್ಲಿ ಮೊದಲ ಹಂತದ, ಅಂದರೆ ಈಗಷ್ಟೇ ಓದಲು ಕಲಿಯುವ ಮಕ್ಕಳ ಕಥೆ 250 ಪದದೊಳಗೆ ಮುಗಿಯಬೇಕು. ಸುಲಭ ಅನ್ನಿಸುತ್ತದೆ, ಅಲ್ವಾ? ಖಂಡಿತ ಅಲ್ಲ. ಚಿತ್ರ ಹೇಳಿದ್ದನ್ನೇ ಮಾತು ಮತ್ತೆ ಹೇಳಬಾರದು. ಹುಡುಗಿಯ ಕೈಯಲ್ಲಿ ಕೆಂಪು ಕೊಡೆ ಇರುವುದು ಕಾಣುತ್ತಿದ್ದರೆ, ಅವಳು ಏನಂದಳು ಅನ್ನುವುದನ್ನಷ್ಟೇ ಬರೆಯಿರಿ. ರೇಡಿಯೋದಲ್ಲಿ ಪೂರ್ತಿ ಉಲ್ಟಾ. ಕೊಡೆಯ ಬಣ್ಣವೂ ಮಾತಿನಲ್ಲೇ ಬರಬೇಕು. ಅದಕ್ಕೇ ಈ ಎರಡೂ ಕೆಲಸ ಒಟ್ಟಿಗೆ ಮಾಡುವುದು ಬರವಣಿಗೆಗೆ ತುಂಬಾ ಒಳ್ಳೆಯದು.

ಮುಂಬೈಯಲ್ಲಿ 1927ರಿಂದಲೇ ರೇಡಿಯೋ ಕೇಂದ್ರವಿದೆ. ಆಕಾಶವಾಣಿಯು ಧ್ವನಿ ಪರೀಕ್ಷೆ ಮಾಡಿ ತಾತ್ಕಾಲಿಕ ಉದ್ಘೋಷಕರನ್ನು ಆರಿಸುತ್ತದೆ. ಇಲ್ಲಿ ಮರಾಠಿ, ಹಿಂದಿ ಚೆನ್ನಾಗಿ ಬಂದರೆ ಕೆಲಸ ಸಿಗುವುದು ಸುಲಭ. ಕನ್ನಡ ಕಥೆಗಳನ್ನಾದರೆ ನೀವೇ ಪಾಡ್‌ಕಾಸ್ಟ್ ಮಾಡಿ. ಮೊದಲು ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಂಥ ಕನ್ನಡಿಗರ ಸಂಘಗಳಲ್ಲಿ ಮಕ್ಕಳ ಮುಂದೆ ಓದಲು ಅವಕಾಶ ಕೇಳಿ. ಮಕ್ಕಳು ಎಲ್ಲಿ ಆಕಳಿಸುತ್ತಾರೋ ಅಲ್ಲಿ ಕತ್ತರಿ ಹಾಕಿ.

ಕೊನೆಗೆ ಹಣದ ಮಾತು. ಹಕ್ಕು ಬಿಟ್ಟುಕೊಡುವುದೆಲ್ಲ ಬರಹದಲ್ಲೇ ಇರಲಿ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಪ್ರಕಾರ, ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ ಅದನ್ನು 5 ವರ್ಷ ಎಂದು ಲೆಕ್ಕ ಹಾಕುತ್ತಾರೆ. ಸಹಿ ಹಾಕುವ ಮೊದಲು ಆ ಸಾಲು ಹುಡುಕಿ ಓದಿ.